ಸ್ಕಾರ್ಫ್ ಯಾಕೆ ಕಟ್ತಾರೆ?

ಇವತ್ತು ರಾಜಕೀಯ ಬೇಡ, ನಮ್ಮ ಮನೆ ವಿಷಯ ಹೇಳ್ತೀನಿ.

ನಮ್ಮಕ್ಕನ ಮಗ ಸ್ಕೌಟ್, ಮಗಳು ಗೈಡ್. ಮಗ ಎಸ್ಸೆಸ್ಸೆಲ್ಸಿಗೆ ಬಂದ. ದೊಡ್ಡಬಳ್ಳಾಪುರದ ಕ್ಯಾಂಪಿಗೆ ಹೊರಟಾಗ ಭಾವ ತಡೆದರು. 'ಗಂಟು ಹಾಕೋದು ಕಲಿತ್ರೆ ಸೀಟು ಸಿಗುತ್ತಾ?' ಇಂಜಿನಿಯರಿಂಗ್ ಓದಿದ ನಾನೂ ತಲೆಯಾಡಿಸಿದೆ.

ಅದೇ ವಾರ ನಮ್ಮಪ್ಪ ಅಕ್ಕನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ಮುಂಗೈ ಊದಿಕೊಂಡಿತ್ತು. ನಾನು ಏನು ಮಾಡಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ! ಹುಡುಗ, 'ಕೈ ಎಳೀಬೇಡಿ ಮಾಮ' ಅಂದ. ದಿನಪತ್ರಿಕೆ ಮಡಚಿ ಕೈಗೆ ಆಸರೆ ಕೊಟ್ಟ. ತಂಗಿ ಸ್ಕಾರ್ಫ್ ತಂದಳು. ಅದನ್ನೇ ಕತ್ತಿಗೆ ಜೋಲಿ ಮಾಡಿ ರೀಫ್ ನಾಟ್ ಹಾಕಿದ. ಆ ತ್ರಿಕೋನದ ಬಟ್ಟೆ ಬರೀ ಅಲಂಕಾರಕ್ಕಲ್ಲ ಅಂತ ಗೊತ್ತಾಗಿದ್ದೇ ಆಗ. ಆಸ್ಪತ್ರೆಯಲ್ಲಿ ಡಾಕ್ಟರು, 'ಇದನ್ನ ಕಟ್ಟಿದ್ದು ಯಾರು?' ಅಂದರು. ಭಾವ ಮಗನ ಕಡೆ ನೋಡಿದರು, ಮಾತಾಡಲಿಲ್ಲ.

ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದ್ದು. 1909ಕ್ಕೇ ಅದು ಬೆಂಗಳೂರಿಗೆ ಬಂತು. ಅಷ್ಟು ಹಳೆಯ ನಂಟು! ನಾವೋ, ಸರ್ಟಿಫಿಕೇಟು ಉಪಯೋಗಕ್ಕೆ ಬಂದ್ರೆ ಸೇರಿಸ್ತೀವಿ, ಇಲ್ಲಾಂದ್ರೆ ಬಿಡಿಸ್ತೀವಿ.

ಭಾವ ಮಗನನ್ನ ಕಳಿಸಿದ್ರಾ? ಇಲ್ಲ, ಪರೀಕ್ಷೆ ಹತ್ತಿರ ಇತ್ತು. ಆದರೆ ಮಗಳ ಕ್ಯಾಂಪು ಬಂದಾಗ ತಾವೇ ಬಸ್ ಹತ್ತಿಸಿ ಬಂದರು.

'ಸದಾ ಸಿದ್ಧ' ಅನ್ನೋದು ಸ್ಕೌಟ್ ಧ್ಯೇಯ. ಪರೀಕ್ಷೆಗೇನೋ ಮಕ್ಕಳನ್ನ ಸಿದ್ಧ ಮಾಡ್ತಿದ್ದೀವಿ. ಬಚ್ಚಲಲ್ಲಿ ಅಜ್ಜ ಬಿದ್ದರೆ? ಯೋಚನೆ ಮಾಡಿ.