ಹಾಡು ಎಲ್ಲಿಗೂ ಹೋಗಿರಲಿಲ್ಲ

ಮೊನ್ನೆ ಹರ್ತಿಯ ಅಕ್ಕನ ಮನೆಯಲ್ಲಿದ್ದೆ. ಜೊತೆಗೆ ನನ್ನ ಹಳೆಯ ಮ್ಯೂಸಿಕ್ ಪ್ಲೇಯರ್. ಅದರ ತುಂಬ ಪುಟ್ಟರಾಜ ಗವಾಯಿಗಳ ವಚನಗಳು, ಭೀಮಸೇನ ಜೋಶಿಯವರ ದಾಸರ ಪದಗಳು. ಕಂಪ್ಯೂಟರಿಗೆ ಜೋಡಿಸಿ ಏನೋ ಸರಿಮಾಡಲು ಹೋದೆ. ಫಾರ್ಮ್ಯಾಟ್ ಒತ್ತಿಬಿಟ್ಟೆ. ಪರದೆ ಕಪ್ಪಾಯಿತು.

‘ಮಾಮಾ, ಹಾಡೆಲ್ಲಾ ಹೋದ್ವೇನು?’ ಅಂದ ಅಕ್ಕನ ಮಗ.

ಹೋಗಿರಲಿಲ್ಲ. ಹೊಲಕ್ಕೆ ಬದು ಹಾಕಿದಂತೆ ಅದರ ಮೆಮೊರಿಯಲ್ಲಿ ಎರಡು ಪಾಲು. ಒಂದರಲ್ಲಿ ಯಂತ್ರವನ್ನು ನಡೆಸುವ ಸಿಸ್ಟಮ್, ಇನ್ನೊಂದರಲ್ಲಿ ಹಾಡು. ನಾನು ಅಳಿಸಿದ್ದು ಮೊದಲನೆಯದನ್ನು. ಹಾಡುಗಳಿದ್ದವು, ಹಾಡಿಸುವವರಿರಲಿಲ್ಲ. ಆದರೆ ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ಬೇರೊಂದು ಚಿಪ್‌ನಲ್ಲಿ ಉಳಿದಿತ್ತು. ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದೆ. ಕಂಪ್ಯೂಟರು ಗುರುತಿಸಿತು. ಸಿಸ್ಟಮ್ ಮಾತ್ರ ಮತ್ತೆ ತುಂಬಿದೆ. ಎಲ್ಲವನ್ನೂ ಹೊಸದಾಗಿಸುವ ಸುಲಭದ ದಾರಿಯೂ ಇತ್ತು. ಅದು ಹಾಡನ್ನೂ ಒರೆಸುತ್ತಿತ್ತು. ಗಾಬರಿಯಲ್ಲಿ ಕೈ ಅತ್ತಲೇ ಹೋಗುತ್ತದೆ, ನೋಡಿ.

ಕಾಯುತ್ತ ಕೂತಾಗ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಅಲ್ಲಿನ ಗುರು ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಶಿಷ್ಯ ಪುಟ್ಟರಾಜರಿಗೂ ಇರಲಿಲ್ಲ. ಗುರುಗಳು 1944ರಲ್ಲಿ ಲಿಂಗೈಕ್ಯರಾದರು. ಕಿವಿಯಿಂದ ಕಂಠಕ್ಕೆ ದಾಟಿದ ವಿದ್ಯೆಯನ್ನು ಶಿಷ್ಯ 2010ರವರೆಗೂ ಬೆಳೆಸಿದರು. ಎಷ್ಟೋ ಅಂಧ ಮಕ್ಕಳ ಕಂಠಕ್ಕೆ ಅದನ್ನು ದಾಟಿಸಿದರು. ಅಲ್ಲಿ ನಡೆಸುವವರು ಬದಲಾದರು, ರಾಗ ನಿಲ್ಲಲಿಲ್ಲ.

ಅಷ್ಟರಲ್ಲಿ ಪರದೆ ಬೆಳಗಿತು. ಹುಡುಗ ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗೆ ಸಿಕ್ಕಿಸಿಕೊಂಡ. ಇನ್ನೊಂದನ್ನು ಮಾತಿಲ್ಲದೆ ಅಜ್ಜಿಯ ಕಿವಿಗಿಟ್ಟ.