ಕೋಣೆಯೊಳಗೆ ಬೆಳೆದ ಗುಡ್ಡ



ಬೆಳಗಿನ ಚಿಂತನದಲ್ಲಿ ವಿಡಿಯೋ ಗೇಮಿನ ಮಾತು ಅಂದರೆ ಸೊಲ್ಲಾಪುರದ ಹಿರಿಯರು ರೇಡಿಯೋದ ದನಿ ತಗ್ಗಿಸಿಯಾರು. ತುಸು ತಡೆಯಿರಿ. ಈ ಆಟದಲ್ಲಿ ಗುಂಡು ಹಾರಿಸುವುದು ಕಡಿಮೆ, ಅಲೆದಾಟವೇ ಹೆಚ್ಚು. ಹೆಸರು ‘ನೋ ಮ್ಯಾನ್ಸ್ ಸ್ಕೈ’. ಪುಟ್ಟದೊಂದು ನೌಕೆ ಏರಿ ಒಂದು ಗ್ರಹದಿಂದ ಮೇಲೇಳುತ್ತೀರಿ, ಮೋಡ ದಾಟಿ ಕಪ್ಪು ಆಕಾಶ ಸೇರುತ್ತೀರಿ, ಮತ್ತೊಂದು ಗ್ರಹದ ನೆಲಕ್ಕೆ ಇಳಿಯುತ್ತೀರಿ. ಅಲ್ಲಿನ ಗಿಡಕ್ಕೆ, ಪ್ರಾಣಿಗೆ ನಿಮ್ಮದೇ ಹೆಸರಿಡಬಹುದು, ಮನೆ ಕಟ್ಟಬಹುದು. ಇಂಥ ಗ್ರಹಗಳು ಎಷ್ಟಿವೆ ಎಂದರೆ, ಅರವತ್ತನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿದಾಗ ಬರುವಷ್ಟು. ಸೆಕೆಂಡಿಗೊಂದು ಗ್ರಹ ನೋಡುತ್ತ ಹೋದರೂ ಮುಗಿಸಲು 58 ಸಾವಿರ ಕೋಟಿ ವರ್ಷ ಬೇಕು. ಆದ್ದರಿಂದ ಮುಗಿಸುವ ಚಿಂತೆ ಯಾರಿಗೂ ಇಲ್ಲ.

ಇದನ್ನು ಮಾಡಿದ್ದು ಇಂಗ್ಲೆಂಡಿನ ಗಿಲ್ಫರ್ಡ್ ಎಂಬ ಊರಿನ ಹಲೋ ಗೇಮ್ಸ್, ಬೆರಳೆಣಿಕೆಯ ಜನರಿದ್ದ ಕಂಪನಿ. 2013ರ ಡಿಸೆಂಬರ್‌ನಲ್ಲಿ ಆಟದ ಮೊದಲ ತುಣುಕನ್ನು ಜಗತ್ತಿಗೆ ತೋರಿಸಿದರು. ಅದೇ ತಿಂಗಳ ಕ್ರಿಸ್‌ಮಸ್ ಮುನ್ನಾದಿನ ನೆರೆ ಬಂದು ಅವರ ಕಚೇರಿ ಮುಳುಗಿತು. ಹೇಗೋ ಎದ್ದು ನಿಂತು 2016ರ ಆಗಸ್ಟ್‌ನಲ್ಲಿ ಆಟ ಬಿಡುಗಡೆ ಮಾಡಿದರು. ಆದರೆ ಮುಖ್ಯಸ್ಥ ಶಾನ್ ಮರ್ರೆ ಸಂದರ್ಶನಗಳಲ್ಲಿ ಹೇಳಿಕೊಂಡು ಬಂದದ್ದು ಬೆಟ್ಟದಷ್ಟು, ಕೈಗೆ ಸಿಕ್ಕದ್ದು ಕಡಿಮೆ. ಮೊದಲ ದಿನವೇ ಇಬ್ಬರು ಆಟಗಾರರು ಹುಡುಕಾಡಿ ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು. ಒಬ್ಬರಿಗೊಬ್ಬರು ಕಾಣಿಸಲೇ ಇಲ್ಲ! ಜನ ರೊಚ್ಚಿಗೆದ್ದರು. ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯವರೆಗೂ ಹೋಗಿ, ಆ ವರ್ಷವೇ ವಜಾ ಆಯಿತು.

ಆಮೇಲೆ ಕಂಪನಿಯವರು ಬಾಯಿ ಮುಚ್ಚಿದರು. ಸಮರ್ಥನೆ ಇಲ್ಲ, ಹೊಸ ಭರವಸೆಯೂ ಇಲ್ಲ. ನವೆಂಬರ್‌ನಲ್ಲಿ ಮೊದಲ ದೊಡ್ಡ ಅಪ್‌ಡೇಟ್ ಬಂತು, ಮನೆ ಕಟ್ಟುವ ಸೌಕರ್ಯ ಅದರಲ್ಲೇ ಸಿಕ್ಕಿದ್ದು. 2018ರಲ್ಲಿ ಬಂದ ‘ನೆಕ್ಸ್ಟ್’ನಿಂದ ಆಟಗಾರರು ನಿಜವಾಗಿ ಜೊತೆಗೂಡಿ ತಿರುಗಾಡುವಂತಾಯಿತು. ಇಲ್ಲಿಯತನಕ ಮೂವತ್ತಕ್ಕೂ ಹೆಚ್ಚು ಅಪ್‌ಡೇಟ್‌ಗಳು ಬಂದಿವೆ, ಒಂದಕ್ಕೂ ಹಣ ಕೇಳಿಲ್ಲ. ಶುರುವಿನಲ್ಲಿ ಉಗಿಸಿಕೊಂಡ ಆಟಕ್ಕೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಒಟ್ಟು ಅಭಿಪ್ರಾಯ ‘ಬಹಳ ಚೆನ್ನಾಗಿದೆ’ ಎಂದಾಗಿದ್ದು 2024ರ ನವೆಂಬರ್‌ನಲ್ಲಿ.

ನಾನು ಇದನ್ನು ಆಡತೊಡಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ, ನಕ್ಷತ್ರಗಳ ನಡುವೆ ಮಾತ್ರ ಕರ್ಫ್ಯೂ ಇರಲಿಲ್ಲ. ಕೆಂಪು ಹುಲ್ಲಿನ ಒಂದು ಗ್ರಹ ಹಿಡಿಸಿತು. ಅಲ್ಲಿ ದಿಬ್ಬವೊಂದರ ಪಕ್ಕೆಯನ್ನು ಅಗೆದು, ಅರ್ಧ ನೆಲದೊಳಗೆ ಅರ್ಧ ಹೊರಗೆ ಮನೆ ಮಾಡಿಕೊಂಡೆ. ಊರು ತೆರೆಯಿತು, ಕೆಲಸ ಶುರುವಾಯಿತು, ಆಟ ಬಿಟ್ಟುಹೋಯಿತು. ಮತ್ತೆ ತೆರೆದಾಗ ಕಂಪ್ಯೂಟರ್ ಬಹಳ ಹೊತ್ತು ಏನೇನೋ ಇಳಿಸಿಕೊಂಡಿತು. ಯಾವ ಗುಂಡಿ ಒತ್ತಿದರೆ ನೌಕೆ ಏಳುತ್ತದೆ ಎಂಬುದೇ ಮರೆತಿತ್ತು. ಜೋಳಿಗೆಯಲ್ಲಿದ್ದ ಸಾಮಾನುಗಳೆಲ್ಲ ಬೇರೆ ಖಾನೆಗಳಿಗೆ ಹೋಗಿ ಕೂತಿದ್ದವು. ಅಂತೂ ಆ ಗ್ರಹಕ್ಕೆ ಇಳಿದೆ. ಗಿಡಗಳ ಜಾತಿಯೇ ಬೇರೆಯಾಗಿತ್ತು. ಹಿಂದೆಂದೂ ಕಾಣದ ಸುಂಟರಗಾಳಿ ಬಯಲಿನಲ್ಲಿ ತಿರುಗುತ್ತಿತ್ತು. ಬಾಗಿಲು ತೆಗೆದರೆ ಕೋಣೆಯೊಳಗೆ ಎದೆಯೆತ್ತರ ಮಣ್ಣು. ನಾನು ಅಗೆದು ತೆಗೆದಿದ್ದ ದಿಬ್ಬ ವಾಪಸ್ ಬೆಳೆದು ತನ್ನ ಜಾಗ ತಾನು ತೆಗೆದುಕೊಂಡಿತ್ತು.

ಹೀಗೇಕೆ ಆಗುತ್ತದೆ ಎಂಬುದನ್ನು ಸೊಲ್ಲಾಪುರದವರಿಗೆ ತಿಳಿಸುವುದು ಸುಲಭ. ನಮ್ಮ ಚಾದರದ ಹೂವು ಮಗ್ಗದೊಳಗೆ ಎಲ್ಲೂ ಬಚ್ಚಿಟ್ಟುಕೊಂಡಿರುವುದಿಲ್ಲ. ಜಕಾರ್ಡಿನ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದಿರುತ್ತದೆ. ತೂತು ಇದ್ದಲ್ಲಿ ಕೊಕ್ಕೆ ಏಳುತ್ತದೆ, ಕೊಕ್ಕೆ ಎದ್ದಲ್ಲಿ ನೂಲು ಏಳುತ್ತದೆ, ಸಾಲು ಸಾಲಾಗಿ ಹೂವು ಮೂಡುತ್ತದೆ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಕಾರ್ಡನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದ. ಅಂದರೆ ಕಂಪ್ಯೂಟರಿಗೂ ನಮ್ಮ ಚಾದರಕ್ಕೂ ದೂರದ ನಂಟಸ್ತಿಕೆ ಇದೆ. ಆಟದ ಗ್ರಹಗಳೂ ಹಾಗೆಯೇ. ಅಷ್ಟೊಂದು ಕೋಟಿ ಗ್ರಹಗಳನ್ನು ಯಾವ ಡಿಸ್ಕಿನಲ್ಲೂ ತುಂಬಿಟ್ಟಿಲ್ಲ. ಒಂದು ಅಂಕಿ, ಒಂದಿಷ್ಟು ಸೂತ್ರ. ನೀವು ಹತ್ತಿರ ಹೋದಾಗ ಬೆಟ್ಟ ಬಯಲು ಅಲ್ಲೇ ನೇಯ್ದುಕೊಳ್ಳುತ್ತವೆ. ನೀವು ಹೋದರೂ ನಾನು ಹೋದರೂ ಅಂಕಿ ಅದೇ ಆದ್ದರಿಂದ ಬೆಟ್ಟವೂ ಅದೇ.

ಆದರೆ ಒಂದು ವ್ಯತ್ಯಾಸವಿದೆ, ನನ್ನನ್ನು ಕಾಡಿದ್ದು ಅದು. ನೇಕಾರ ಕಾರ್ಡು ಬದಲಿಸಿದರೆ ಮುಂದಿನ ಚಾದರ ಬೇರೆಯಾಗುತ್ತದೆ. ನಮ್ಮ ಮಂಚದ ಮೇಲೆ ಹಾಸಿರುವ ಚಾದರದ ನವಿಲು ರಾತ್ರೋರಾತ್ರಿ ಗುಲಾಬಿ ಆಗುವುದಿಲ್ಲ. ಕೊಂಡ ಮೇಲೆ ಅದು ನಮ್ಮದು, ಹರಿದರೂ ನಮ್ಮದು. ಆಟದಲ್ಲಿ ಸೂತ್ರ ಬದಲಾದರೆ ಮುಂದಿನದಷ್ಟೇ ಅಲ್ಲ, ನೀವು ಹಿಂದೆ ನಿಂತು ನೋಡಿದ ನೆಲವೂ ಬದಲಾಗಬಹುದು. ರಿಪೇರಿ ಮಾಡುವವನ ಕೈ ನಮ್ಮ ಮನೆಯೊಳಗಿನ ತನಕ ಚಾಚುತ್ತದೆ. ಅವನ ಉದ್ದೇಶ ಒಳ್ಳೆಯದೇ, ಕೆಲಸವೂ ಚೆಂದ. ಹೊಸ ಮೋಡಗಳನ್ನು ನೋಡಿ ನಾನು ಬಹಳ ಹೊತ್ತು ನಿಂತೆ ಎಂಬುದೂ ನಿಜ. ಆದರೂ ಕೋಣೆಯ ಮಣ್ಣು ಕಂಡು ಸಿಟ್ಟು ಬಂತು.

ಮರಳಿ ಬರುವವನ ಬುದ್ಧಿಯೇ ಹಾಗೆ, ಎರಡು ಬಾಯಿಯದು. ನಮ್ಮಲ್ಲಿಂದ ಪುಣೆ, ಮುಂಬಯಿ, ಬೆಂಗಳೂರಿಗೆ ಹೋದವರು ರಜೆಗೆ ಬಂದಾಗ ಆಡುವ ಮಾತು ಕೇಳಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ, “ಈ ಊರು ಸುಧಾರಿಸಂಗಿಲ್ಲ ಬಿಡ್ರಿ.” ಸಂಜೆಗೆ ಚಹಾ ಕುಡಿಯುತ್ತ, “ಮೊದಲಿನ ಸೊಲ್ಲಾಪುರ ಉಳದಿಲ್ಲ ನೋಡ್ರಿ.” ಅಕ್ಕಲಕೋಟೆಗೆ ಹೋದರಂತೂ ಇನ್ನೂ ಜೋರು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿ ಹೊಂದಿದ ಊರು. ಈಗ ಗುರುವಾರ ಬಂತೆಂದರೆ ಮಹಾರಾಷ್ಟ್ರದ ಮೂಲೆಮೂಲೆಯ ವಾಹನಗಳು. ರಸ್ತೆ ಅಗಲವಾಗಿದ್ದಕ್ಕೆ ಖುಷಿ, ರಸ್ತೆ ಬದಿಯ ಬೇವಿನ ಮರ ಹೋಗಿದ್ದಕ್ಕೆ ಬೇಸರ, ಎರಡೂ ಒಬ್ಬರದೇ ಬಾಯಲ್ಲಿ.

ನಮ್ಮ ಆಕಾಶಕ್ಕೂ ಅಪ್‌ಡೇಟ್ ಬಂತಲ್ಲ! ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡಿ ಎಂದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸುಮಾರು 90 ಮೀಟರ್ ಎತ್ತರದ ಚಿಮಣಿಯನ್ನು 2023ರ ಜೂನ್‌ನಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ವಿಮಾನ ಬೇಕು ಎಂದವರು ಒಂದು ಕಡೆ, ಕಬ್ಬು ಬೆಳೆಯುವವರು ಇನ್ನೊಂದು ಕಡೆ. ಆ ಜಗಳ ವರ್ಷಗಟ್ಟಲೆ ನಡೆದಿತ್ತು. 2025ರ ಜೂನ್‌ನಲ್ಲಿ ಗೋವಾಕ್ಕೆ ವಿಮಾನ ಹಾರಿತು. ಇತ್ತ ನೆಲದ ಮೇಲೆ, 1877ರಲ್ಲಿ ಹುಟ್ಟಿದ ಹಳೇ ಬಟ್ಟೆ ಮಿಲ್ಲು ಯಾವತ್ತೋ ನಿಂತುಹೋಯಿತು. ಇಷ್ಟೆಲ್ಲದರ ನಡುವೆಯೂ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಹನ್ನೆರಡನೆಯ ಶತಮಾನದ ಸಿದ್ಧರಾಮರು ಸ್ಥಾಪಿಸಿದರೆಂದು ನಾವು ನಂಬುವ 68 ಲಿಂಗಗಳನ್ನೇ ಮುಟ್ಟಿಕೊಂಡು ಬರುತ್ತವೆ. ಸುತ್ತ ಅಂಗಡಿ ಬರಲಿ, ಅಪಾರ್ಟ್‌ಮೆಂಟ್ ಬರಲಿ, ವಿಳಾಸ ಬದಲಾಗಿಲ್ಲ.

ಆಟದಲ್ಲೂ ವಿಳಾಸವಿದೆ. ಹದಿನಾರು ಚಿಹ್ನೆಗಳಿವೆ, ಅವುಗಳಿಂದ ಹನ್ನೆರಡನ್ನು ಜೋಡಿಸಿದರೆ ಒಂದು ಗ್ರಹದ ಗುರುತು. ನೆಲ ಏನೇ ಆದರೂ ನನ್ನ ಗ್ರಹ ಆ ಚಿಹ್ನೆಗಳಿಗೆ ಇವತ್ತೂ ಓಗೊಡುತ್ತದೆ. ಕಂಪನಿಯವರೂ ಏನೋ ಕಲಿತಂತಿದೆ. 2025ರ ಜನವರಿಯ ಅಪ್‌ಡೇಟ್‌ನಲ್ಲಿ ಆಳವಾದ ಸಮುದ್ರ, ದೈತ್ಯ ಅನಿಲ ಗ್ರಹ ಎಂದೆಲ್ಲ ತರುವಾಗ ಅವುಗಳಿಗಾಗಿ ನೇರಳೆ ಬಣ್ಣದ ಹೊಸ ನಕ್ಷತ್ರಗಳನ್ನೇ ಹುಟ್ಟಿಸಿದರು. ಊರ ಹೊರಗೆ ಹೊಸ ಬಡಾವಣೆ ಮಾಡುವ ಈ ಪದ್ಧತಿ ನನಗೆ ಹೆಚ್ಚು ಹಿಡಿಸಿತು.

ಆದರೆ ಇವರ ಕಥೆಯನ್ನು ಎಲ್ಲರೂ ಉದಾಹರಣೆಯಾಗಿ ಕೊಡುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ಅರೆಬೆಂದದ್ದನ್ನು ಬಡಿಸಿ, ಆಮೇಲೆ ಬೇಯಿಸಿದರಾಯಿತು ಎಂದು ಉಳಿದ ಕಂಪನಿಗಳು ಕಲಿತರೆ ಕಷ್ಟ. ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ರಾಕೆಟ್ ಕಟ್ಟುವ ಆಟವಿದೆ. ಕಕ್ಷೆ, ಇಂಧನ, ವೇಗ ಎಲ್ಲ ಭೌತವಿಜ್ಞಾನದ ಲೆಕ್ಕದಂತೆಯೇ, ಶಾಲೆಯ ಮಕ್ಕಳಿಗೆ ಧಾರಾಳವಾಗಿ ಕೊಡಬಹುದು. ಅದರ ಎರಡನೆಯ ಭಾಗ 2023ರ ಫೆಬ್ರವರಿಯಲ್ಲಿ ಅಪೂರ್ಣವಾಗಿಯೇ ಮಾರಾಟಕ್ಕೆ ಬಂತು, ಮುಂದೆ ಸರಿಮಾಡುತ್ತೇವೆ ಎಂದರು. ಮರುವರ್ಷವೇ ಅದನ್ನು ಮಾಡುತ್ತಿದ್ದ ಸ್ಟುಡಿಯೋ ಬಾಗಿಲು ಹಾಕಿತು. ಅದರ ಆಟಗಾರರಲ್ಲಿ ಬಹಳ ಮಂದಿ 2015ರಲ್ಲಿ ಪೂರ್ಣಗೊಂಡ ಮೊದಲ ಭಾಗಕ್ಕೇ ಮರಳಿದ್ದಾರೆ. ಅದಕ್ಕೆ ಕೊನೆಯ ದೊಡ್ಡ ಅಪ್‌ಡೇಟ್ ಬಂದದ್ದು 2021ರಲ್ಲಿ. ಉಡಾವಣೆ ಕಟ್ಟೆ ಇದ್ದಲ್ಲೇ ಇದೆ, ಚಂದ್ರನ ಮೇಲೆ ಇಳಿಸಿ ಬಿಟ್ಟುಬಂದ ರಾಕೆಟ್ ಕೂಡ ಬಿಟ್ಟಲ್ಲೇ ನಿಂತಿರುತ್ತದೆ, ಹಳೆಯ ದೋಷಗಳ ಸಮೇತ.