ಬಿಂಗೊ ಹಾಲಿನ ಜಟ್ಟಿಗಳು



ವೃತ್ತಿಪರ ಕುಸ್ತಿಯ ಮಾತು ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಅದು ನಿಜವೋ, ನಾಟಕವೋ? 1990ರ ದಶಕದಲ್ಲಿ ಕೇಬಲ್ ಟಿ.ವಿ. ನಮ್ಮ ಊರುಗಳಿಗೆ ಕಾಲಿಟ್ಟಾಗ ಎಷ್ಟೋ ಮನೆಗಳಲ್ಲಿ ಇದೇ ಜಗಳ. ಹುಡುಗರು ಹಲ್ಕ್ ಹೋಗನ್, ಅಂಡರ್‌ಟೇಕರ್‌ರ ಚಿತ್ರವಿದ್ದ ಟ್ರಂಪ್ ಕಾರ್ಡುಗಳನ್ನು ಚಡ್ಡಿ ಜೇಬಿನಲ್ಲಿಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದರು. 'ಎಲ್ಲ ಮೊದಲೇ ಮಾತಾಡಿಕೊಂಡಿರ್ತಾರೆ ಕಣೋ' ಎಂದು ದೊಡ್ಡವರು ಹೇಳಿದರೆ ಅವರಿಗೆ ಅಳುವೇ ಬರುತ್ತಿತ್ತು.

ದೊಡ್ಡವರ ಮಾತೇ ಸರಿ. ಇದಕ್ಕೆ ಸಾಕ್ಷಿ ಹುಡುಕಬೇಕಾಗಿಯೂ ಇಲ್ಲ. 1989ರಲ್ಲಿ ಆ ಕುಸ್ತಿಗಳನ್ನು ನಡೆಸುತ್ತಿದ್ದ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ತಾನೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಒಪ್ಪಿಕೊಂಡಿತು: ಇದು ಸ್ಪರ್ಧೆಯಲ್ಲ, ಮನರಂಜನೆ. ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದ ಮಾತಲ್ಲ ಅದು. ಕ್ರೀಡೆ ಎಂದರೆ ಅಥ್ಲೆಟಿಕ್ ಆಯೋಗದ ಪರವಾನಗಿ, ಮೇಲ್ವಿಚಾರಣೆ, ತೆರಿಗೆ ಎಲ್ಲ ಉಂಟು. ಮನರಂಜನೆ ಎಂದರೆ ಆ ಕಾಟವಿಲ್ಲ. ಹಲವು ದಶಕ ಕಾಪಾಡಿಕೊಂಡು ಬಂದಿದ್ದ ಗುಟ್ಟು ಲೆಕ್ಕಪತ್ರದ ಕಾರಣಕ್ಕೆ ಬಯಲಾಯಿತು.

ಆದರೆ ಗುಟ್ಟು ಬಯಲಾದ ಮೇಲೂ ಜನ ಹೋಗುವುದನ್ನು ಬಿಡಲಿಲ್ಲ. ಏಕೆ ಎಂದು ತಿಳಿಯಬೇಕಾದರೆ ಟಿ.ವಿ. ಆರಿಸಿ, ಬಣ್ಣದ ದೀಪ, ಪಟಾಕಿಗಳ ದೊಡ್ಡ ಕ್ರೀಡಾಂಗಣ ಬಿಟ್ಟು, ಒಂದು ಸಣ್ಣ ಹಾಲಿಗೆ ಹೋಗಬೇಕು.

ಅಮೆರಿಕದಲ್ಲಿ ಜನ 'ಇಂಡಿ' ಎಂದು ಕರೆಯುವ ಸ್ವತಂತ್ರ ಕುಸ್ತಿ ಪ್ರದರ್ಶನಗಳು ನಡೆಯುವುದು ಮಾಜಿ ಸೈನಿಕರ ಸಂಘದ ಹಾಲಿನಲ್ಲಿ, ಶಾಲೆಯ ವ್ಯಾಯಾಮಶಾಲೆಯಲ್ಲಿ, ಹಳೆಯ ಗೋದಾಮಿನಲ್ಲಿ. ಬಾಗಿಲ ಬಳಿ ಒಂದು ಮೇಜು, ಹಣದ ಡಬ್ಬಿ. ಒಳಗೆ ಒಂದಷ್ಟು ಮಡಚುವ ಕುರ್ಚಿಗಳು. ಮಧ್ಯಾಹ್ನ ಬೆವರು ಸುರಿಸಿ ಅಖಾಡ ಜೋಡಿಸಿದ ಹುಡುಗರೇ ಎಷ್ಟೋ ಕಡೆ ರಾತ್ರಿ ಮೊದಲ ಕುಸ್ತಿಗೆ ಇಳಿಯುವವರು. ಗೋಡೆಯ ಪಕ್ಕ ಮತ್ತೊಂದು ಸಾಲು ಮೇಜು. ಅಲ್ಲಿ ಜಟ್ಟಿಗಳು ತಾವೇ ನಿಂತು ತಮ್ಮ ಟೀ-ಶರ್ಟು, ಫೋಟೊ ಮಾರುತ್ತಾರೆ. ಅರ್ಧ ಗಂಟೆಯ ಹಿಂದೆ ಇಡೀ ಸಭೆಯನ್ನು ಹೀನಾಮಾನ ಬೈದ ಖಳನಾಯಕ ವಿರಾಮದ ಹೊತ್ತಿಗೆ ಮಗುವಿನ ಪುಸ್ತಕಕ್ಕೆ ಹಸ್ತಾಕ್ಷರ ಹಾಕಿಕೊಡುತ್ತಾನೆ. ಆ ರಾತ್ರಿ ಅವನಿಗೆ ಸಿಗುವ ಸಂಭಾವನೆಗಿಂತ ಈ ಮೇಜಿನ ದುಡ್ಡೇ ಎಷ್ಟೋ ಸಲ ಹೆಚ್ಚು.

ಟಿ.ವಿ.ಯಲ್ಲಿ ಸಿಗದ್ದು ಇಲ್ಲಿ ಸಿಗುವುದು ಸದ್ದು. ಅಖಾಡವೆಂದರೆ ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳುವಾದ ಸ್ಪಂಜಿನ ಹಾಸು, ಅದಕ್ಕೆ ಹೊದಿಸಿದ ಕ್ಯಾನ್ವಾಸ್. ದೊಡ್ಡ ಕಂಪನಿಯ ಅಖಾಡ 20 ಅಡಿ ಚೌಕ. ಸಣ್ಣವರದು 16 ಅಥವಾ 18 ಅಡಿ. ಹಗ್ಗದಂತೆ ಕಾಣುವುದು ಹಲವೆಡೆ ರಬ್ಬರ್ ಕೊಳವೆ ತೊಡಿಸಿದ ಉಕ್ಕಿನ ತಂತಿ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ನಮ್ಮ ಗರಡಿಯ ಮಟ್ಟಿಯಲ್ಲ ಅದು. ಅದರ ಮೇಲೆ ನೂರು ಕಿಲೋ ತೂಕದ ಮನುಷ್ಯ ಅಂಗಾತ ಬಿದ್ದಾಗ ಮೊದಲ ಸಾಲಿನವರ ಕುರ್ಚಿ ನಡುಗುತ್ತದೆ. ಎದೆಗೆ ಅಂಗೈಯಿಂದ ಬಾರಿಸಿದರೆ ಐದು ಬೆರಳಿನ ಗುರುತೂ ಕೆಂಪಗೆ ಏಳುವುದು ಕಾಣುತ್ತದೆ. ಗೆಲ್ಲುವವನು ಯಾರು ಎಂಬುದು ಮೊದಲೇ ತೀರ್ಮಾನವಾಗಿದೆ, ನಿಜ. ನೆಲ ಮಾತ್ರ ಗಟ್ಟಿಯಾಗಿಯೇ ಇದೆ.

ಹಾಗಾಗಿ ಈ ಕುಸ್ತಿಯಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿ, ಉಸಿರು ಹೊರಬಿಟ್ಟು, ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲಕ್ಕೆ ತಾಗುವಂತೆ, ಎರಡೂ ಕೈಗಳಿಂದ ಹಲಗೆ ಬಡಿದು ಬೀಳಬೇಕು. ಏಟು ಒಂದೇ ಕಡೆ ಬೀಳದೆ ಹರಡಿಹೋಗುತ್ತದೆ. ಇದಕ್ಕೆ 'ಬಂಪ್' ಎಂದು ಹೆಸರು. ಎತ್ತಿ ಎಸೆಯುವವನಿಗೆ ಕಲಿಸುವುದು ಇನ್ನೂ ಕಷ್ಟದ ಪಾಠ: ಎಸೆದವನ ಕತ್ತಿಗೆ ಎಸೆಯುವವನೇ ಜವಾಬ್ದಾರ. ಸಾಮಾನ್ಯ ಕುಸ್ತಿಯಲ್ಲಿ ಎದುರಾಳಿಯನ್ನು ಸೋಲಿಸಬೇಕು, ಇಲ್ಲಿ ಸೋಲಿಸುವಂತೆ ತೋರಿಸುತ್ತ ಅವನನ್ನು ಕಾಪಾಡಬೇಕು.

ಇಂಥ ವಿಚಿತ್ರ ಕಲೆ ಹುಟ್ಟಿದ್ದು ಹೇಗೆ? ಅಸಲಿ ಕುಸ್ತಿ ನೋಡಲು ಬೇಸರವಾಗುತ್ತಿತ್ತು ಎಂಬುದು ಒಂದು ದೊಡ್ಡ ಕಾರಣ. 1910ರಲ್ಲಿ ನಮ್ಮ ಗಾಮಾ ಪೈಲ್ವಾನರು ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋ ಜೊತೆ ಸೆಣಸಿದಾಗ, ಆತ ಗಾಮಾರ ಪಟ್ಟಿಗೆ ಹೆದರಿ ಎರಡೂವರೆ ಗಂಟೆಗೂ ಮೀರಿ ಹೆಚ್ಚು ಹೊತ್ತು ನೆಲ ಕಚ್ಚಿಕೊಂಡೇ ಮಲಗಿದ್ದ. ಅಂದು ತೀರ್ಪೇ ಆಗಲಿಲ್ಲ. 1916ರಲ್ಲಿ ಅಮೆರಿಕದ ಒಮಾಹಾದಲ್ಲಿ ಜೋ ಸ್ಟೆಕರ್ ಮತ್ತು ಎಡ್ 'ಸ್ಟ್ರ್ಯಾಂಗ್ಲರ್' ಲೂಯಿಸ್ ಸುಮಾರು ಐದು ಗಂಟೆ ಹಿಡಿದಾಡಿ ಸಮವೆನಿಸಿಕೊಂಡರು. ದುಡ್ಡು ಕೊಟ್ಟು ಬಂದವನ ಪಾಡು ಏನಾಗಬೇಡ! 1920ರ ದಶಕದಲ್ಲಿ ಇದೇ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಆಟದ ರೂಪವನ್ನೇ ಬದಲಿಸಿದರು. ಕಾಲಮಿತಿ ಬಂತು, ಹಾರಾಟ, ಎಸೆದಾಟ ಬಂತು, ಫಲಿತಾಂಶ ಮೊದಲೇ ಗೊತ್ತುಮಾಡುವ ಪದ್ಧತಿ ಒಂದು ವ್ಯವಸ್ಥೆಯಾಗಿ ಬೆಳೆಯಿತು.

ಅದಕ್ಕೂ ಹಿಂದೆ ಊರೂರು ಸುತ್ತುವ ಜಾತ್ರೆ ತಂಡಗಳಲ್ಲಿ ಕುಸ್ತಿಯ ಡೇರೆಗಳಿರುತ್ತಿದ್ದವು. 'ನಮ್ಮ ಜಟ್ಟಿಯ ಎದುರು ಇಷ್ಟು ನಿಮಿಷ ನಿಂತರೆ ಇಷ್ಟು ಬಹುಮಾನ' ಎಂಬ ಕೂಗು. ಮುಂದೆ ಬರುವ ಮೊದಲ ಧೀರ ಹಲವು ಸಲ ತಂಡದವನೇ. ಈ ಕುಸ್ತಿಯ ಗುಪ್ತಭಾಷೆಯಲ್ಲಿ ಜಾತ್ರೆಯ ವಾಸನೆ ಇನ್ನೂ ಹೋಗಿಲ್ಲ. ಎಲ್ಲವನ್ನೂ ನಂಬುವ ಪ್ರೇಕ್ಷಕ 'ಮಾರ್ಕ್'. ಜಾತ್ರೆಯ ಜೂಜಿನವರು ಸುಲಭಕ್ಕೆ ಮೋಸಹೋಗುವ ಗಿರಾಕಿಗೆ ಇಟ್ಟ ಹೆಸರು ಅದು. ಗುಟ್ಟು ಬಿಟ್ಟುಕೊಡದಿರುವ ನಿಯಮ 'ಕೇಫೇಬ್'. ಈ ನಿಯಮದ ಪ್ರಕಾರ ಅಖಾಡದ ವೈರಿಗಳು ಹೊರಗೂ ವೈರಿಗಳೇ. ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುವಂತಿಲ್ಲ. 1987ರಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಒಳಗಿದ್ದವರು ಅಮೆರಿಕದ ಬಾವುಟ ಹಿಡಿದು ಬರುತ್ತಿದ್ದ ಜಿಮ್ ಡಗ್ಗನ್ ಮತ್ತು ಆತನ ಕಡುವೈರಿ, ಇರಾನಿನ ಖಳ ಐರನ್ ಶೇಖ್! ಕಂಪನಿಗಾದ ಮುಜುಗರ ಅಷ್ಟಿಷ್ಟಲ್ಲ.

ನಮ್ಮವರಿಗೆ ಇದೆಲ್ಲ ಅರ್ಥವಾಗದ ಸಂಗತಿಯೇನಲ್ಲ. ಯಕ್ಷಗಾನ ನೋಡಲು ಹೋಗುವವರಿಗೆ ಕೀಚಕ ಸಾಯುತ್ತಾನೆಂದು ಗೊತ್ತಿರುವುದಿಲ್ಲವೇ? ಪ್ರಸಂಗದ ಕೊನೆ ಗೊತ್ತು. ಆದರೆ ಅರ್ಥಗಾರಿಕೆ ಆ ರಾತ್ರಿ ರಂಗಸ್ಥಳದಲ್ಲೇ ಹುಟ್ಟಬೇಕು. ಸಣ್ಣ ಹಾಲಿನ ಕುಸ್ತಿಯೂ ಹಾಗೆಯೇ. ಕೊನೆ ನಿಗದಿ, ನಡುವಿನ ಒಂದೆರಡು ಮುಖ್ಯ ಪಟ್ಟುಗಳು ನಿಗದಿ. ಉಳಿದದ್ದು ಸಭೆಯ ಕೂಗು ಕೇಳಿಸಿಕೊಂಡು ಅಲ್ಲೇ ಕಟ್ಟುವ ಆಟ. ಪಟ್ಟು ಹಿಡಿದ ನೆಪದಲ್ಲಿ ಕಿವಿಯ ಬಳಿ ಬಾಯಿಟ್ಟು ಮುಂದಿನದನ್ನು ಪಿಸುಗುಟ್ಟುತ್ತಾರೆ. ರೆಫರಿಯ ನಿಜವಾದ ಕೆಲಸಗಳಲ್ಲೊಂದು 'ಇನ್ನು ಐದು ನಿಮಿಷ' ಎಂಬ ಸುದ್ದಿಯನ್ನು ಇಬ್ಬರಿಗೂ ಮುಟ್ಟಿಸುವುದು. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ 1950ರ ದಶಕದಲ್ಲೇ ಪ್ಯಾರಿಸ್ಸಿನ ಹೊಲಸು ಹಾಲುಗಳ ಕುಸ್ತಿಯ ಬಗ್ಗೆ ಬರೆದು, ಇದನ್ನು ಕ್ರೀಡೆಯಾಗಿ ಅಳೆಯಬಾರದು, ನೋವನ್ನೂ ಸೋಲನ್ನೂ ನ್ಯಾಯವನ್ನೂ ಎಲ್ಲರಿಗೂ ಕಾಣುವಂತೆ ಆಡಿ ತೋರಿಸುವ ಪ್ರದರ್ಶನವಾಗಿ ನೋಡಬೇಕು ಎಂದು ವಾದಿಸಿದ್ದ.

ನೋವನ್ನು ಕಾಣುವಂತೆ ತೋರಿಸುವುದು! ಈ ಕಸುಬಿನವರು ಅದಕ್ಕೆ 'ಸೆಲ್ಲಿಂಗ್', ಅಂದರೆ ಮಾರಾಟ, ಎನ್ನುತ್ತಾರೆ. ಆಗದ ನೋವನ್ನು ಪ್ರೇಕ್ಷಕನಿಗೆ ಮಾರುವುದು. ಒಳ್ಳೆಯ ಜಟ್ಟಿ ಎಂದರೆ ಒಳ್ಳೆಯ ಮಾರಾಟಗಾರ. ಕಷ್ಟವಿರುವುದೂ ಇಲ್ಲಿಯೇ.

ಸಣ್ಣ ಹಾಲುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ದಕ್ಷಿಣ ಫಿಲಡೆಲ್ಫಿಯದಲ್ಲಿದೆ. ಸ್ವಾನ್ಸನ್ ಮತ್ತು ರಿಟ್ನರ್ ಬೀದಿಗಳು ಕೂಡುವಲ್ಲಿ, ಹೆದ್ದಾರಿಯ ಮೇಲ್ಸೇತುವೆಯ ಪಕ್ಕದ ಗೋದಾಮಿನಂಥ ಕಟ್ಟಡ. ಅಲ್ಲಿ ಜನ ಬಿಂಗೊ ಆಡುತ್ತಿದ್ದರು. 1992ರಲ್ಲಿ ಹುಟ್ಟಿ, 1994ರಲ್ಲಿ ಎಕ್ಸ್‌ಟ್ರೀಮ್ ಚಾಂಪಿಯನ್‌ಷಿಪ್ ರೆಸ್ಲಿಂಗ್ ಎಂದು ಹೆಸರು ಬದಲಿಸಿಕೊಂಡ ಇ.ಸಿ.ಡಬ್ಲ್ಯು. ಎಂಬ ಸಣ್ಣ ಕಂಪನಿ ಈ ಬಿಂಗೊ ಹಾಲನ್ನು ತನ್ನ ಮನೆ ಮಾಡಿಕೊಂಡಿತು. ಸೇರುತ್ತಿದ್ದವರು ಹೆಚ್ಚೆಂದರೆ ಸಾವಿರ ಚಿಲ್ಲರೆ ಜನ. ಆದರೆ ಎಂಥ ಜನ! ಗುಟ್ಟೆಲ್ಲ ಬಲ್ಲವರು. ಪಟ್ಟು ತಪ್ಪಿದರೆ ಒಕ್ಕೊರಲಿನಿಂದ ಗೇಲಿ ಮಾಡುವವರು. ಜಟ್ಟಿಗಳು ಬಡಿದಾಡಲೆಂದು ಮನೆಯಿಂದಲೇ ಬಾಣಲೆ, ತಟ್ಟೆ ಹೊತ್ತು ತರುವವರು. ನಾಟಕ ಎಂದು ಗೊತ್ತಿದ್ದವರನ್ನು ನಂಬಿಸುವುದು ಹೇಗೆ? ಆ ಕಂಪನಿ ಕಂಡುಕೊಂಡ ಉತ್ತರಗಳಲ್ಲಿ ಒಂದು, ನಿಜವಾದ ರಕ್ತ. ಮಣಿಕಟ್ಟಿನ ಪಟ್ಟಿಯಲ್ಲಿ ಅಡಗಿಸಿಟ್ಟ ಬ್ಲೇಡಿನ ಚೂರಿನಿಂದ ಹಣೆ ಕೊಯ್ದುಕೊಳ್ಳುವುದು ಹಳೆಯ ಪದ್ಧತಿ. ಇಲ್ಲಿ ಅದಕ್ಕೆ ಮುಳ್ಳುತಂತಿ, ಮುರಿಯುವ ಮೇಜು, ಉರಿಯುವ ಮೇಜು ಎಲ್ಲ ಸೇರಿದವು.

ನಮ್ಮ ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯಬಹುದು. ಅಲ್ಲಿಯೂ ಜನ ರಕ್ತಕ್ಕೇ ಕಾಯುತ್ತಾರೆ. ಆದರೆ ತಲೆ ಬೋಳಿಸಿಕೊಂಡ ಜಟ್ಟಿಯ ನೆತ್ತಿಯಿಂದ ಮೊದಲ ಹನಿ ಚಿಮ್ಮಿದ ಕ್ಷಣವೇ ಕಾಳಗ ನಿಲ್ಲುತ್ತದೆ. ಫಿಲಡೆಲ್ಫಿಯದಲ್ಲಿ ಮೊದಲ ಹನಿಗೆ ಆಟ ರಂಗೇರುತ್ತಿತ್ತು.

1996ರ ನವೆಂಬರಿನಲ್ಲಿ ಇದೇ ಕಂಪನಿ ಮ್ಯಾಸಚೂಸೆಟ್ಸಿನ ರಿವಿಯರ್ ಎಂಬಲ್ಲಿ ಪ್ರದರ್ಶನ ಇಟ್ಟುಕೊಂಡಿತ್ತು. ಬರಬೇಕಾದ ಜಟ್ಟಿಯೊಬ್ಬ ಬರಲಿಲ್ಲ. ವಯಸ್ಸು ಹೆಚ್ಚು ಹೇಳಿ, ತರಬೇತಿ ಆಗಿದೆ ಎಂದು ಸುಳ್ಳು ಹೇಳಿ ಒಬ್ಬ ಹುಡುಗ ಆ ಜಾಗಕ್ಕೆ ಇಳಿದ. ವಯಸ್ಸು 17. ರಕ್ತ ಬರಿಸುವ ಕೆಲಸವನ್ನು ಎದುರಾಳಿಗೇ ಒಪ್ಪಿಸಿದ್ದ. ಕೊಯ್ತ ಆಳವಾಯಿತು, ರಕ್ತ ಧಾರೆಯಾಗಿ ಹರಿಯಿತು, ಹುಡುಗ ಚೀರಿದ. ಸಭೆಯಲ್ಲಿದ್ದ ಅವನ ತಂದೆ ಆಟ ನಿಲ್ಲಿಸಿ ಎಂದು ಕೂಗುತ್ತಿದ್ದರೂ ಆಟ ಮುಂದುವರಿದೇ ಇತ್ತು. ಹುಡುಗ ಬದುಕಿಕೊಂಡ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು; ಆರೋಪಿ ಜಟ್ಟಿ ಖುಲಾಸೆಯಾದ. ಕಂಪನಿ 2001ರಲ್ಲಿ ದಿವಾಳಿಯಾಯಿತು. ಬಿಂಗೊ ಹಾಲು ಮಾತ್ರ ಹೆಸರು ಬದಲಿಸಿಕೊಂಡು ಉಳಿಯಿತು. ಬೇರೆ ಸಣ್ಣ ಕಂಪನಿಗಳು ಅಲ್ಲಿ ಅಖಾಡ ಹಾಕಿದವು.

ಅಖಾಡ ಹಾಕುವ ಈ ಜನ ಯಾರು? ವಾರದ ದಿನಗಳಲ್ಲಿ ಬೇರೆ ಉದ್ಯೋಗ, ವಾರಾಂತ್ಯದಲ್ಲಿ ನಾಲ್ಕು ಜನ ಒಂದು ಕಾರಿನಲ್ಲಿ ಪೆಟ್ರೋಲ್ ಖರ್ಚು ಹಂಚಿಕೊಂಡು ನೂರಾರು ಮೈಲಿ ಪ್ರಯಾಣ. ಹಿಂದೆ ದೇಶವನ್ನು ಪ್ರಾಂತಗಳಾಗಿ ಹಂಚಿಕೊಂಡಿದ್ದ ಕುಸ್ತಿ ಕಂಪನಿಗಳಿದ್ದವು. ಒಂದರಲ್ಲಿ ಬೇಡವಾದವನಿಗೆ ಇನ್ನೊಂದರಲ್ಲಿ ಅನ್ನ ಸಿಗುತ್ತಿತ್ತು. 1980ರ ದಶಕದಲ್ಲಿ ವಿನ್ಸ್ ಮೆಕ್‌ಮ್ಯಾನ್ ಟಿ.ವಿ. ಬಲದಿಂದ ಇಡೀ ದೇಶವನ್ನೇ ಒಂದು ಪ್ರಾಂತ ಮಾಡಿಕೊಂಡ ಮೇಲೆ ಅವು ಒಂದೊಂದಾಗಿ ಮುಚ್ಚಿದವು. ಉಳಿದವರಿಗೆ ಸಣ್ಣ ಹಾಲೇ ಗತಿ, ಅದೇ ಮೇಲೇರುವ ಮೆಟ್ಟಿಲು ಕೂಡ. ಸಂಬಳದ ನೌಕರಿಯಲ್ಲ, ಕಂಪನಿ ಕೊಡುವ ಆರೋಗ್ಯ ವಿಮೆಯಿಲ್ಲ, ಪಿಂಚಣಿಯ ಮಾತೇ ಇಲ್ಲ. 2008ರಲ್ಲಿ ಬಂದ 'ದಿ ರೆಸ್ಲರ್' ಚಿತ್ರ ಇಂಥ ಒಬ್ಬ ವಯಸ್ಸಾದ ಜಟ್ಟಿಯ ಕಥೆ. ಅದರ ಕೆಲವು ದೃಶ್ಯಗಳನ್ನು ನಿಜವಾದ ಸಣ್ಣ ಪ್ರದರ್ಶನಗಳಲ್ಲಿ, ನಿಜವಾದ ಪ್ರೇಕ್ಷಕರ ಎದುರಿಗೇ ಚಿತ್ರೀಕರಿಸಿದ್ದರು.

ಸೆಲ್ಲಿಂಗ್ ಎಂಬ ಕಲೆ ಎಷ್ಟು ದುಬಾರಿಯಾಗಬಹುದು ಎಂಬುದು 2015ರ ಮಾರ್ಚಿನಲ್ಲಿ ಮೆಕ್ಸಿಕೊದ ತಿಹ್ವಾನಾ ನಗರದಲ್ಲಿ ಗೊತ್ತಾಯಿತು. ಸ್ವತಂತ್ರ ಕಂಪನಿಯೊಂದು ನಗರಸಭೆಯ ಸಭಾಂಗಣದಲ್ಲಿ ಏರ್ಪಡಿಸಿದ್ದ ಪ್ರದರ್ಶನ. ಇಬ್ಬಿಬ್ಬರ ಜೋಡಿ ಕುಸ್ತಿ. ಒಂದು ಕಡೆ ಪೆರ್ರೊ ಅಗ್ವಾಯೊ ಜೂನಿಯರ್. ತಂದೆಯೂ ಹೆಸರಾಂತ ಜಟ್ಟಿ. ಇನ್ನೊಂದು ಕಡೆ ನಮ್ಮ ಹುಡುಗರಿಗೂ ಟಿ.ವಿ.ಯಿಂದ ಪರಿಚಿತನಾದ ಮುಖವಾಡದ ರೇ ಮಿಸ್ಟೀರಿಯೊ. ಮಿಸ್ಟೀರಿಯೊ ಒದ್ದ, ಅಗ್ವಾಯೊ ಹಗ್ಗದ ಮೇಲೆ ಕುಸಿದ. ಇಂಥ ಒದೆತ ಅವರು ದಿನನಿತ್ಯ ಮಾಡುವಂಥದ್ದು. ಹಗ್ಗದ ಮೇಲೆ ಜೋತುಬೀಳುವುದೂ ಮಾಮೂಲು ಪಟ್ಟೇ. ಮಿಸ್ಟೀರಿಯೊನ ಪ್ರಸಿದ್ಧ ಒದೆತಕ್ಕೆ ಎದುರಾಳಿ ಹಾಗೆಯೇ ಒರಗಿ ಕಾಯಬೇಕು. ಅಗ್ವಾಯೊ ಒರಗಿಯೇ ಇದ್ದ. ಅದ್ಭುತವಾಗಿ 'ಮಾರುತ್ತಿದ್ದಾನೆ' ಎಂದು ಸಭೆ ತಿಳಿಯಿತು. ಅಖಾಡದಲ್ಲಿದ್ದವರಿಗೂ ತಕ್ಷಣ ಹೊಳೆಯಲಿಲ್ಲ. ಅಲುಗಾಡದ ಅವನ ಪಕ್ಕದಲ್ಲೇ ಕುಸ್ತಿ ಇನ್ನೂ ಸ್ವಲ್ಪ ಹೊತ್ತು ನಡೆದು ಮುಗಿಯಿತು. ಕೊನೆಗೆ ಒಂದು ಹಲಗೆಯ ಮೇಲೆ ಅವನನ್ನು ಹೊತ್ತು ಒಯ್ದರು. ಕತ್ತಿನ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನಿಗೆ 35 ವರ್ಷ.

ಇಂಥ ಹೊತ್ತಿಗೆಂದೇ ಈ ಕಸುಬಿನಲ್ಲಿ ಒಂದು ಸಂಕೇತವಿದೆ. ಏಟು ನಿಜವಾಗಿಯೂ ಬಿದ್ದಿದೆ ಎಂದು ಗೊತ್ತಾದರೆ ರೆಫರಿ ತನ್ನ ಎರಡು ಕೈಗಳನ್ನು ತಲೆಯ ಮೇಲೆ ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಹಿಡಿಯುತ್ತಾನೆ. ಆಟ ನಿಲ್ಲಿಸಿ, ವೈದ್ಯರನ್ನು ಕರೆಯಿರಿ ಎಂದರ್ಥ. ಮೊದಲು ಒಳಗಿನವರಿಗೆ ಮಾತ್ರ ತಿಳಿದಿದ್ದ ಈ ಚಿಹ್ನೆ ಕ್ರಮೇಣ ಪ್ರೇಕ್ಷಕರಿಗೂ ತಿಳಿಯಿತು. ತಿಳಿದ ಮೇಲೆ, ಸಭೆಯನ್ನು ಬೆಚ್ಚಿಬೀಳಿಸಲೆಂದು, ಯಾರಿಗೂ ಏನೂ ಆಗದಿದ್ದಾಗಲೂ ಅದನ್ನು ಬಳಸುವುದುಂಟು.